ಮೂರು ಸಲ ನೋಡಬೇಕಾದ ಬೆನ್ನು

ನಮ್ಮ ಕೆಫ್ ಊರಿನ ಹೆಂಗಸರ ಹೆಸರು ಈಗೀಗ ನನಗೆ ಮರೆತುಹೋಗುತ್ತದೆ, ಬೆನ್ನು ಮಾತ್ರ ಮರೆಯುವುದಿಲ್ಲ. ಹಮ್ಮಾಮಿನ, ಅಂದರೆ ಊರ ಹಬೆಸ್ನಾನದ ಮನೆಯ, ಬಿಸಿ ಕಲ್ಲಿನ ಮೇಲೆ ಅವರನ್ನು ಬೋರಲು ಮಲಗಿಸಿ ಮೂವತ್ತೆಂಟು ವರ್ಷ ಮೈ ತಿಕ್ಕಿದವಳು ನಾನು, ಮನ್ನೂಬಿಯಾ. ಸ್ನಾನ ಒಂದು ನೆಪ. ಕಂಬಳಿ ನೇಯ್ದು ಸೊಂಟ ಹಿಡಿದುಕೊಂಡವರು, ನೀರಿನ ಡಬ್ಬ ಹೊತ್ತು ಮೆಟ್ಟಿಲು ಹತ್ತಿ ಕತ್ತು ಉಳುಕಿಸಿಕೊಂಡವರು, ಹೆತ್ತ ಮೇಲೆ ನೆಟ್ಟಗೆ ನಿಲ್ಲಲಾಗದವರು, ಎಲ್ಲರೂ ನನ್ನ ಕೈಗೆ ಬರುತ್ತಿದ್ದರು. ಕೊಳೆ ತೆಗೆದಾದ ಮೇಲೆ ಬೆನ್ನಿಗೆ ಮಂಡಿ ಕೊಟ್ಟು, ಎರಡೂ ತೋಳು ಹಿಂದಕ್ಕೆಳೆದು, ಟಕ್ ಎನ್ನಿಸುತ್ತಿದ್ದೆ. "ಅಯ್ಯೋ ಮನ್ನೂಬಿಯಾ, ಹೋದ ಜೀವ ಬಂತು ಕಣೆ" ಅನ್ನುತ್ತಿದ್ದರು. ಅದನ್ನು ಕೇಳಿ ಕೇಳಿ ನನ್ನ ತಲೆಗೆ ಕೊಂಬು ಬಂದಿತ್ತು.

ಈ ಕೆಲಸ ಕಲಿಸಿದವಳು ನನ್ನ ಅಮ್ಮ. ಅವಳದು ಒಂದೇ ಪಾಠ. "ನಿಲ್ಲಿಸಿ ನೋಡು, ಬಗ್ಗಿಸಿ ನೋಡು, ಮಲಗಿಸಿ ನೋಡು. ಮೂರೂ ಆದ್ಮೇಲೆ ಬಾಯಿ ತೆಗಿ." ನಿಂತಾಗ ಸೊಟ್ಟಗೆ ಕಾಣುವ ಬೆನ್ನು ಬಗ್ಗಿದಾಗ ನೆಟ್ಟಗಾದರೆ ಅದು ಮಾಂಸದ ಬಿಗಿತ, ತಿದ್ದಬಹುದು. ಬಗ್ಗಿದರೂ ಒಂದು ಕಡೆ ಉಬ್ಬಿಕೊಂಡೇ ಇದ್ದರೆ ಅದು ಮೂಳೆಯದು, ಅದಕ್ಕೆ ಕೈ ಹಾಕಬಾರದು. ಇಷ್ಟನ್ನೂ ತಿಳಿದವಳೇ ನಾನು ವಸೀಲಾಳ ಬೆನ್ನನ್ನು ಒಂದೇ ಸಲ ನೋಡಿ ಬಾಯಿ ತೆಗೆದೆ. ಇದನ್ನು ಹೇಳಲು ಈ ವಯಸ್ಸಿನಲ್ಲೂ ನಾಚಿಕೆಯಾಗುತ್ತದೆ.

ವಸೀಲಾ ನಮ್ಮ ಓಣಿಯ ಹುಡುಗಿ, ನನ್ನನ್ನು ಚಿಕ್ಕಮ್ಮನ ಹಾಗೆ ಖಾಲಾ ಎನ್ನುತ್ತಿದ್ದಳು. ಅಪ್ಪ ದೂರದ ರಂಜಕದ ಗಣಿಯಲ್ಲಿ, ಅಮ್ಮ ಮೊಂಗಿಯಾ ಮಗ್ಗದ ಮುಂದೆ. ತಮ್ಮ ನಾಜಿಗೆ ಎರಡು ವರ್ಷವಿದ್ದಾಗ ಜ್ವರ ಬಂದು ಕಾಲುಗಳ ಶಕ್ತಿ ಹೋಯಿತು. ಆಗ ಒಂಬತ್ತು ವರ್ಷದ ವಸೀಲಾ ಅವನನ್ನು ಎಡಸೊಂಟಕ್ಕೆ ಏರಿಸಿಕೊಂಡಳು. ಇಳಿಸಲೇ ಇಲ್ಲ ಅನ್ನಬೇಕು. ಕೋಟೆಯ ಕೆಳಗಿನ ಮೆಟ್ಟಿಲುಗಳಲ್ಲಿ ಶಾಲೆಗೆ, ಆಸ್ಪತ್ರೆಗೆ, ಅಂಗಡಿಗೆ, ಎಲ್ಲೆಲ್ಲೂ ಅವಳು ಮತ್ತು ಅವಳ ಸೊಂಟದ ಮೇಲೆ ಅವನು. ಹನ್ನೆರಡು ವರ್ಷದ ಹುಡುಗನ ಕಾಲುಗಳು ಅವಳ ಮೊಣಕಾಲಿಗಿಂತ ಕೆಳಗೆ ಜೋಲಾಡುತ್ತಿದ್ದವು. "ಇಬ್ಬರಲ್ಲಿ ಯಾರೇ ಮದುವೆ ಆಗೋದು?" ಎಂದು ಓಣಿಯವರು ಕಿಚಾಯಿಸಿದರೆ, "ಇಬ್ಬರನ್ನೂ ಒಟ್ಟಿಗೆ ಒಯ್ಯೋನು ಸಿಗಲಿ, ಹೇಳ್ತೀನಿ" ಎಂದು ನಗುತ್ತಿದ್ದಳು.

ಅವಳಿಗೆ ಹತ್ತೊಂಬತ್ತಾದಾಗ ಅಂಥವನು ಸಿಕ್ಕಿದ. ಎಣ್ಣೆಗಾಣದ ಮನೆಯ ಯಜಮಾನಿ, ಊರೆಲ್ಲ ಮರ್ಯಾದೆಯಿಂದ ಲಲ್ಲಾ ಎನ್ನುವ ಝುಬೈದಾ ಅವರ ಮಗ ಮುನೀರ್, ಅಂಚೆಕಚೇರಿಯ ಗುಮಾಸ್ತ. ಅಪ್ಪ ಕಳಿಸಿದ ಮನಿಯಾರ್ಡರ್ ಬಿಡಿಸಿಕೊಳ್ಳಲು ಅವಳು ಹೋದಾಗಲೆಲ್ಲ ನಾಜಿಗೆ ಕೂರಲು ತನ್ನ ಕುರ್ಚಿಯನ್ನೇ ಬಿಟ್ಟುಕೊಡುತ್ತಿದ್ದನಂತೆ. ಹುಡುಗ ಒಪ್ಪಿದ್ದ. ಇನ್ನು ಉಳಿದದ್ದು ತಾಯಿ ಬಂದು ಹಮ್ಮಾಮಿನಲ್ಲಿ ಹುಡುಗಿಯನ್ನು ನೋಡುವುದು. ಬಟ್ಟೆ ಮುಚ್ಚುವುದನ್ನೆಲ್ಲ ಹಬೆ ಬಿಚ್ಚಿ ತೋರಿಸುತ್ತದೆ, ಹಾಗಾಗಿ ಅತ್ತೆಯಾಗುವವಳು ಅಲ್ಲಿಗೇ ಬರುತ್ತಾಳೆ. ಬಂದರೆ ಮೈ ತಿಕ್ಕುವವಳನ್ನು ಒಂದು ಮಾತು ಕೇಳದೆ ಹೋಗುವುದಿಲ್ಲ.

ಆವತ್ತು ವಸೀಲಾ ಕೈಗೆ ಹೊಸ ಗೋರಂಟಿ ಹಾಕಿಕೊಂಡು ಬಂದಿದ್ದಳು. ನನ್ನ ಕಿವಿಯ ಹತ್ತಿರ ಬಂದು, "ಖಾಲಾ, ಇವತ್ತು ಸ್ವಲ್ಪ ಚೆನ್ನಾಗಿ ತಿಕ್ಕಿ" ಎಂದವಳೇ ಕೆಂಪಾದಳು. ಆ ಮುಖ ನೋಡಿದವರಿಗೆ ಬೇರೆ ಏನೂ ಹೇಳಬೇಕಾಗಿರಲಿಲ್ಲ. ನಾನು ನೋಡಿದೆ. ನೋಡಿಯೂ ಮುಂದಿನದನ್ನು ಮಾಡಿದೆ.

ತಿಕ್ಕಲು ಅವಳ ಸರದಿ ಇನ್ನೂ ಬಂದಿರಲಿಲ್ಲ. ನೀರು ತುಂಬಲು ತೊಟ್ಟಿಯ ಪಕ್ಕ ನಿಂತಿದ್ದಳು. ಲಲ್ಲಾ ಝುಬೈದಾ ಕಲ್ಲಿನ ಮೇಲೆ ಕೂತು ದೊಡ್ಡ ದನಿಯಲ್ಲಿ ಕೇಳಿದರು: "ಏನಮ್ಮಾ ಡಾಕ್ಟ್ರಮ್ಮ, ಹುಡುಗಿ ಬೆನ್ನು ಹೇಗಿದೆ?"

ಡಾಕ್ಟ್ರಮ್ಮ! ಹತ್ತು ಹೆಂಗಸರು ಕತ್ತು ತಿರುಗಿಸಿದರು. ನಾನು ಕೈ ತೊಳೆದು, ದೊಡ್ಡ ಪರೀಕ್ಷೆಯ ಠೀವಿಯಲ್ಲಿ ಹೋಗಿ, ಅವಳ ಕುತ್ತಿಗೆಯಿಂದ ಸೊಂಟದವರೆಗೆ ಒಂದು ಬೆರಳು ಎಳೆದೆ. ಎಡಭುಜ ತಗ್ಗಿತ್ತು. ಬೆರಳು ನಡುವೆ ಒಂದು ಕಡೆ ಜಾರಿತು. ಬಗ್ಗು ಮಗಳೇ ಅನ್ನಲು ಎಷ್ಟು ಹೊತ್ತು ಬೇಕು? ಅನ್ನಲಿಲ್ಲ. ಡಾಕ್ಟ್ರಮ್ಮ ತಡವರಿಸಬಾರದಲ್ಲ!

"ಮೂಳೆ ಸೊಟ್ಟ ಲಲ್ಲಾ," ಎಂದೆ. "ಹುಟ್ಟಿನಿಂದಲೇ ಬಂದಿರೋದು. ಹೆರಿಗೆ ಕಷ್ಟ ಆಗತ್ತೆ."

ಹಮ್ಮಾಮಿನಲ್ಲಿ ಪಿಸುಗುಟ್ಟಿದರೂ ಗೋಡೆಗೋಡೆಗೆ ಬಡಿದು ಕೇಳುತ್ತದೆ. ನಾನಂತೂ ಪಿಸುಗುಟ್ಟಿರಲಿಲ್ಲ. ವಸೀಲಾ ತುಂಬಿದ ಬಕೆಟ್ಟನ್ನು ಮೆಲ್ಲಗೆ ಕೆಳಗಿಟ್ಟು, ಟವೆಲ್ ಸುತ್ತಿಕೊಂಡು, ಮೈ ಒದ್ದೆ ಮಾಡದೆಯೇ ಹೊರಟುಹೋದಳು. ಲಲ್ಲಾ ಝುಬೈದಾ ನನ್ನ ಭುಜ ತಟ್ಟಿ, "ನೀನಿದ್ದದ್ದು ಒಳ್ಳೇದಾಯ್ತು" ಎಂದರು. ನಾನು ಆ ಮಾತಿಗೆ ಹಿಗ್ಗಿದೆ.

ಸಂಬಂಧ ಮುರಿಯಿತು. ವಾರದೊಳಗೆ ಊರು ಅವಳಿಗೆ 'ಸೊಟ್ಟಬೆನ್ನಿನವಳು' ಎಂದು ಹೆಸರಿಟ್ಟಿತು. ಬೇರೆ ಯಾವ ಮನೆಯಿಂದಲೂ ಯಾರೂ ಕೇಳಿಕೊಂಡು ಬರಲಿಲ್ಲ. ಅವಳು ಹಮ್ಮಾಮಿಗೆ ಮತ್ತೆ ಕಾಲಿಡಲಿಲ್ಲ. ಮೊಂಗಿಯಾ ದಾರಿಯಲ್ಲಿ ಎದುರಾದರೆ ಸಲಾಮಿಗೆ ಸಲಾಮು ಹೇಳದೆ ಮುಖ ತಿರುಗಿಸಿ ಹೋಗುತ್ತಿದ್ದಳು. ಸತ್ಯ ಹೇಳಿದ್ದಕ್ಕೆ ಇಷ್ಟು ಸಿಟ್ಟೇ ಎಂದು ನಾನೂ ಮೂಗು ಮುರಿಯುತ್ತಿದ್ದೆ.

ಎಂಟು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಚಿಲುಮೆಯ ಹತ್ತಿರ ಹೋದೆ. ವಸೀಲಾ ನನ್ನ ಕಡೆ ಬೆನ್ನು ಹಾಕಿ, ಸೊಂಟದಿಂದ ಪೂರ್ತಿ ಬಗ್ಗಿ ಕಂಬಳಿ ಉಣ್ಣೆ ತೊಳೆಯುತ್ತಿದ್ದಳು. ನೀರು ಸಿಡಿದು ಅಂಗಿ ಮೈಗೆ ಅಂಟಿಕೊಂಡಿತ್ತು. ಬೆನ್ನೆಲುಬು ದಾರ ಎಳೆದಷ್ಟು ನೇರ. ಎರಡೂ ಪಕ್ಕ ಸಮ, ಎಲ್ಲಿಯೂ ಉಬ್ಬಿಲ್ಲ. ಅವಳು ಎದ್ದು, ಗೋಡೆಗೊರಗಿದ್ದ ತಮ್ಮನನ್ನು ಸೊಂಟಕ್ಕೇರಿಸಿಕೊಂಡಳು. ತಕ್ಷಣ ಎಡಭುಜ ತಗ್ಗಿತು. ಮೂಳೆಯಲ್ಲ, ನಾಜಿ! ಹತ್ತು ವರ್ಷ ತಮ್ಮನನ್ನು ಹೊತ್ತ ಮೈ ಆ ಕಡೆಗೇ ಬಿಗಿದುಕೊಂಡಿತ್ತು, ಅಷ್ಟೇ. ನಾನು ನೋಡಿದ್ದು ಅವಳ ಐಬನ್ನಲ್ಲ, ಅವಳ ದುಡಿಮೆಯನ್ನು.

ತಪ್ಪು ಯಾರಿಂದ ಆಗುವುದಿಲ್ಲ? ಇಲ್ಲಿಯವರೆಗಿನದಕ್ಕೆ ಕ್ಷಮೆ ಇದೆ ಎಂದುಕೊಳ್ಳೋಣ. ಇನ್ನು ಮುಂದಿನದಕ್ಕಿಲ್ಲ.

ಮುನೀರನಿಗೆ ಆಗಿನ್ನೂ ಬೇರೆ ಕಡೆ ನಿಶ್ಚಯವಾಗಿರಲಿಲ್ಲ. ನಾನು ಅಂದೇ ಲಲ್ಲಾ ಝುಬೈದಾ ಅವರ ಮನೆಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಗಿಲು ತೆಗೆದವರೇ, "ಬಾ ಡಾಕ್ಟ್ರಮ್ಮ, ನಿನ್ನನ್ನೇ ನೆನೆಸ್ಕೊಂಡೆ. ಈ ಮಂಡಿ ನೋಡು" ಎಂದು ಕಾಲು ಚಾಚಿದರು. ಮಂಡಿ ನೀವಿದೆ. ಪುದೀನ ಚಹಾ ಕೊಟ್ಟರು, ಕುಡಿದೆ. ಖರ್ಜೂರದ ಮಕ್ರೂದ್ ಕೊಟ್ಟರು, ತಿಂದೆ. "ಏನೋ ಹೇಳಕ್ಕೆ ಬಂದ ಹಾಗಿದೆ?" ಎಂದರು. "ಏನಿಲ್ಲ ಲಲ್ಲಾ, ಹೀಗೇ ಈ ಕಡೆ ಬಂದಿದ್ದೆ" ಎಂದು ಎದ್ದು ಬಂದೆ. ಒಂದು ಮಾತಿಗೆ ನನ್ನ ಹೆಸರು ಹೋಗುತ್ತಿತ್ತು, ಅವಳ ಬದುಕು ಉಳಿಯುತ್ತಿತ್ತು. ನಾನು ನನ್ನ ಹೆಸರನ್ನು ಉಳಿಸಿಕೊಂಡೆ. ಆ ಬೇಸಿಗೆಯಲ್ಲೇ ಮುನೀರನ ಮದುವೆಯಾಯಿತು, ಮದುಮಗಳ ಮೈ ತಿಕ್ಕಿದವಳೂ ನಾನೇ.

ವಸೀಲಾ ಕೂತು ಅಳಲಿಲ್ಲ. ನಾಜಿಯನ್ನು ಆಸ್ಪತ್ರೆಯ ವ್ಯಾಯಾಮದ ಕೋಣೆಗೆ ದಿನವೂ ಹೊತ್ತು ಹೋಗುತ್ತಿದ್ದವಳು ಅಲ್ಲಿನ ಕೆಲಸ ನೋಡಿ ನೋಡಿ ಕಲಿತಳು. ಆಮೇಲೆ ಓದಿಕೊಂಡು ಅಲ್ಲಿಯೇ ಕೆಲಸಕ್ಕೆ ಸೇರಿದಳು. ನಾಜಿ ಊರುಗೋಲು ಹಿಡಿದು ನಡೆದ, ಮದುವೆಯಾದ, ಮೂರು ಮಕ್ಕಳ ಅಪ್ಪನಾದ. ಅವಳು ಮದುವೆಯಾಗಲಿಲ್ಲ. "ಕೊಳೆಗೆ ಮನ್ನೂಬಿಯಾ, ನೋವಿಗೆ ವಸೀಲಾ" ಎಂದು ಊರ ಹೆಂಗಸರು ನನ್ನೆದುರೇ ಹಾಸ್ಯ ಮಾಡತೊಡಗಿದರು. ನಾನೂ ನಗುತ್ತಿದ್ದೆ. ನಗದೆ ಇನ್ನೇನು ಮಾಡಲಿ?

ಕೆಲಸ ಬಿಟ್ಟ ವರ್ಷ ನನ್ನ ಸೊಂಟವೇ ಹಿಡಿದುಕೊಂಡಿತು. ಮಂಚದಿಂದ ಏಳಲಾಗಲಿಲ್ಲ. ಅಕ್ಕನ ಮಗಳು ನನ್ನನ್ನು ಎಳೆದುಕೊಂಡು ಹೋಗಿ ಕೂರಿಸಿದ್ದು ವಸೀಲಾಳ ಮುಂದೆಯೇ. ಅವಳ ಕೂದಲು ನೆರೆತಿತ್ತು. ಎರಡೂ ಭುಜ ಸಮವಾಗಿದ್ದವು. ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಅವಳು ನನ್ನನ್ನು ನಿಲ್ಲಿಸಿ ನೋಡಿದಳು. ಬಗ್ಗಿಸಿ ನೋಡಿದಳು. ಮಲಗಿಸಿ ನೋಡಿದಳು. ಯಾವುದಕ್ಕೂ ಅವಸರವಿಲ್ಲ. ಆಮೇಲೆ, ಹೊರಗೆ ಕಾದಿದ್ದವರಿಗೆ ಕೇಳದಷ್ಟು ಮೆಲ್ಲಗೆ, "ಮೂಳೆಗೆ ಏನೂ ಆಗಿಲ್ಲ ಖಾಲಾ. ಸ್ನಾಯು ಬಿಗಿದಿದೆ. ಹೆದರ್ಬೇಡಿ" ಎಂದಳು.

ನನಗೆ ಅಳು ತಡೆಯಲಾಗಲಿಲ್ಲ. "ವಸೀಲಾ, ಆವತ್ತು ಹಮ್ಮಾಮಿನಲ್ಲಿ ನಿನ್ನ ಬೆನ್ನು..."

"ಗೊತ್ತು ಖಾಲಾ. ಆ ತಿಂಗಳೇ ಗೊತ್ತಾಯ್ತು. ನಾಜಿನ ನೋಡ್ತಿದ್ದ ಡಾಕ್ಟರು ನನ್ನನ್ನೂ ಬಗ್ಗಿಸಿ ನೋಡಿದ್ರು. ಹುಡುಗನ್ನ ಎರಡೂ ಕಡೆ ಎತ್ತಿಕೋ, ಸರಿಹೋಗತ್ತೆ ಅಂದ್ರು."

"ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ?"

"ಹೇಳಿದೆ. ಅಮ್ಮನೂ ಹೇಳಿದ್ಳು. ಮನ್ನೂಬಿಯಾ ಕೈಗಿಂತ ಡಾಕ್ಟರು ದೊಡ್ಡೋನಾ ಅಂದ್ರು ಊರೋರು. ನೀವೇ ಒಂದಿನ ಹೇಳ್ತೀರಿ ಅಂತ ಕಾಯ್ತಿದ್ದೆ." ಅವಳು ನನ್ನ ಸೊಂಟದ ಕೆಳಗೆ ದಿಂಬು ಸರಿಮಾಡಿದಳು. "ನೀವು ಲಲ್ಲಾ ಝುಬೈದಾ ಮನೆಗೆ ಹೋದದ್ದನ್ನ ನೋಡಿದ್ದೆ. ಆವತ್ತು ಸಂಜೆವರೆಗೂ ಬಾಗಿಲಲ್ಲೇ ಕೂತಿದ್ದೆ."



ಸೊಂಟ ಸ್ವಲ್ಪ ಸಡಿಲವಾದ ಕೂಡಲೇ ಹಮ್ಮಾಮಿಗೆ ಹೋದೆ. ಮಧ್ಯಾಹ್ನ, ಹೆಂಗಸರ ಹೊತ್ತು. ಬಿಸಿ ಕಲ್ಲಿನ ಪಕ್ಕ ನಿಂತು ಗಟ್ಟಿಯಾಗಿ ಎಲ್ಲವನ್ನೂ ಹೇಳಿದೆ, ವಸೀಲಾಳ ಬೆನ್ನು ನೇರವಿತ್ತು, ಸುಳ್ಳಾದದ್ದು ನನ್ನ ಕೈ ಎಂದು. ಹುಡುಗಿಯರು ಮಿಕಿಮಿಕಿ ನೋಡಿದರು. "ಯಾವ ವಸೀಲಾ? ಆಸ್ಪತ್ರೆಯೋರಾ? ಅವ್ರಿಗೆ ಮದುವೆ ಮಾತು ಆಗಿತ್ತಾ?" ಎಂದು ಒಬ್ಬಳು ಕೇಳಿದಳು. ಇನ್ನೊಬ್ಬಳು, "ಅಜ್ಜಿ, ಸ್ವಲ್ಪ ಆ ಕಡೆ ಜರುಗಿ, ನೀರು ತಣ್ಣಗಾಗ್ತಿದೆ" ಎಂದಳು.

ಮರುದಿನ ವ್ಯಾಯಾಮಕ್ಕೆ ಹೋದಾಗ ವಸೀಲಾಳಿಗೆ ಹೇಳಿದೆ. "ಎಲ್ಲರೆದುರು ಹೇಳ್ಬಿಟ್ಟೆ ಮಗಳೇ."

"ಯಾರ್ಯಾರಿದ್ರು?"

ಹೆಸರು ಹೇಳಿದೆ. ಅವಳು ನಕ್ಕಳು. "ಅವ್ರ್ಯಾರೂ ಆಗ ಹುಟ್ಟೇ ಇರ್ಲಿಲ್ಲ ಖಾಲಾ."

"ನೀನು ಬಾ. ಒಂದೇ ಒಂದು ಸಲ ಬಾ. ಆವತ್ತು ಚೆನ್ನಾಗಿ ತಿಕ್ಕಿ ಅಂದಿದ್ದೆಯಲ್ಲ, ಈ ಕೈಯಲ್ಲಿ ಇನ್ನೂ ಅಷ್ಟು ಬಲ ಇದೆ."

ಅವಳು ಸ್ವಲ್ಪ ಹೊತ್ತು ನನ್ನ ಕೈಗಳನ್ನೇ ನೋಡಿದಳು. "ಬೇಡ ಖಾಲಾ," ಎಂದಳು. "ಇಪ್ಪತ್ತೆಂಟು ವರ್ಷದಿಂದ ಮನೆಯಲ್ಲೇ, ಒಂದು ಬೋಗುಣಿ ನೀರಲ್ಲಿ ಸ್ನಾನ ಮಾಡ್ತೀನಿ. ಬೆನ್ನಿಗೆ ಕೈ ಎಟಕಲ್ಲ ನೋಡಿ, ಅದೊಂದು ಹಾಗೇ ಉಳಿಯತ್ತೆ. ಅಭ್ಯಾಸ ಆಗೋಗಿದೆ."

ಆಮೇಲೆ, "ಬನ್ನಿ, ಗೋಡೆ ಹಿಡ್ಕೊಂಡು ನಿಂತ್ಕೊಳ್ಳಿ" ಎಂದು ನನ್ನ ಬೆನ್ನಿಗೆ ಕೈ ಇಟ್ಟಳು.