ಗುರುವಾರದ ಇಂಟರ್‌ವ್ಯೂ

ನಮ್ಮ ಅಪ್ಪ ರೈಲ್ವೆಯಲ್ಲಿ ಗುಮಾಸ್ತರಾಗಿದ್ದರು. ಬಡ್ತಿಯ ಲಿಖಿತ ಪರೀಕ್ಷೆಯನ್ನು ಮೂರು ಸಲ ಪಾಸು ಮಾಡಿ, ಮೂರು ಸಲವೂ ಸಂದರ್ಶನದಲ್ಲಿ ಬಿದ್ದವರು. ಸಾಹೇಬರ ಮುಂದೆ ಕೂತ ಕೂಡಲೇ ಅವರ ಬಾಯಿ ಒಣಗುತ್ತಿತ್ತಂತೆ. ಬರೆಯೋದರಲ್ಲಿ ಪಾಸು, ಬಾಯಿ ಬಿಡೋದರಲ್ಲಿ ನಪಾಸು ಎಂದು ಅವ್ವ ಅವರೆದುರೇ ಚೇಷ್ಟೆ ಮಾಡುತ್ತಿದ್ದಳು. ಅಂಥವರು ನನ್ನನ್ನು ಇಂಟರ್‌ವ್ಯೂಗೆ ತಯಾರು ಮಾಡುವ ಪಣ ತೊಟ್ಟರು.

ಸಾಫ್ಟ್‌ವೇರ್ ಕಂಪನಿಗಳು ಹೈದರಾಬಾದಿಗೆ ಒಂದರ ಹಿಂದೊಂದು ಬರುತ್ತಿದ್ದ ಕಾಲ ಅದು. ನಾನು ನಾರಾಯಣಗೂಡದಲ್ಲಿ ಡಿಗ್ರಿ ಮುಗಿಸಿ ಅಮೀರ್‌ಪೇಟೆಯ ಒಂದು ಇನ್‌ಸ್ಟಿಟ್ಯೂಟಿನಲ್ಲಿ ಜಾವಾ ಕಲಿಯುತ್ತಿದ್ದೆ. ಮನೆ ಮಲ್ಕಾಜ್‌ಗಿರಿಯಲ್ಲಿ. ನಮ್ಮ ಓಣಿಯಲ್ಲಿ ಅರ್ಧಕ್ಕರ್ಧ ರೈಲ್ವೆಯವರೇ. ಹೊಸಿಲ ಹೊರಗೆ ತೆಲುಗು, ಬಜಾರಿನಲ್ಲಿ ಹಿಂದಿ, ಹೊಸಿಲ ಒಳಗೆ ಕಲಬುರಗಿಯ ಕನ್ನಡ. ಸಂಜೆ ಆರೂವರೆಯಿಂದ ಏಳೂವರೆಯವರೆಗೆ ಮಾತ್ರ, ಅಪ್ಪನ ಅಪ್ಪಣೆಯಂತೆ, ಇಂಗ್ಲಿಷು.

ಅಪ್ಪ ಆಫೀಸಿನಿಂದ ಬಂದು ಚಹಾ ಕುಡಿದ ಮೇಲೂ ಅಂಗಿ ಬದಲಿಸುತ್ತಿರಲಿಲ್ಲ. ಬನಿಯನ್ನಿನಲ್ಲಿ ಕೂತವರನ್ನು ಇಂಟರ್‌ವ್ಯೂ ಬೋರ್ಡು ಎನ್ನುವುದಿಲ್ಲ ಎಂಬುದು ಅವರ ವಾದ. ಪಡಸಾಲೆಯ ಮೇಜಿನ ಹಿಂದೆ ಕುರ್ಚಿ ಹಾಕಿಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಸ್ಟೀಲಿನ ಲೋಟಕ್ಕೆ ಚಮಚದಿಂದ ಬಾರಿಸುತ್ತಿದ್ದರು. ಅದು ಗಂಟೆ. ಆಗ ನಾನು ಹೊರಗೆ ಚಪ್ಪಲಿ ಬಿಡುವ ಜಾಗದಿಂದ ಬಾಗಿಲು ತಟ್ಟಿ, ಒಳಗೆ ಬರಬಹುದೇ ಸರ್ ಎಂದು ಇಂಗ್ಲಿಷಿನಲ್ಲಿ ಕೇಳಬೇಕು. ಅವರು ಕಾಗದ ನೋಡುತ್ತ ಬೇಕೆಂದೇ ಸುಮ್ಮನಿರುತ್ತಿದ್ದರು. ಕೂರು ಎನ್ನುವ ತನಕ ನಿಂತಿರಬೇಕು. ಕೂತ ಮೇಲೆ ಕೈ ತೊಡೆಯ ಮೇಲಿರಬೇಕು. ನನ್ನನ್ನು ಎತ್ತಿ ಆಡಿಸಿದ ಮನುಷ್ಯ ನನ್ನ ಹೆಸರು, ತಂದೆಯ ಹೆಸರು ಕೇಳಿ ಹುಬ್ಬು ಗಂಟಿಕ್ಕುತ್ತಿದ್ದರು. ಎದುರು ಮನೆಯ ತೆಲುಗು ಆಂಟಿ ಒಮ್ಮೆ ಇದನ್ನು ನೋಡಿ, ಅಪ್ಪ ಮಗಳಿಗೆ ಜಗಳವಾಗಿದೆಯೇ ಎಂದು ಅವ್ವನ ಹತ್ತಿರ ವಿಚಾರಿಸಿದ್ದರು.

ಪ್ರಶ್ನೆಗಳೋ, ದೇವರಿಗೇ ಪ್ರೀತಿ. ಭಾರತದ ರೈಲ್ವೆಯಲ್ಲಿ ವಲಯಗಳೆಷ್ಟು, ಅತಿ ಉದ್ದದ ಪ್ಲಾಟ್‌ಫಾರ್ಮ್ ಎಲ್ಲಿದೆ, ಲೋಕಸಭೆಗೂ ರಾಜ್ಯಸಭೆಗೂ ವ್ಯತ್ಯಾಸವೇನು. ಸಾಫ್ಟ್‌ವೇರಿನವರು ಇದನ್ನೆಲ್ಲ ಕೇಳುವುದಿಲ್ಲ ಎಂದರೆ, ಬೋರ್ಡು ಯಾವುದಾದರೂ ಬೋರ್ಡೇ ಎನ್ನುತ್ತಿದ್ದರು. ನಾನೂ ನಂಬಿದೆ. ಮೊದಲ ಇಂಟರ್‌ವ್ಯೂಗೆ ಅಪ್ಪ ರಜೆ ಹಾಕಿ ಜೊತೆಗೆ ಬಂದರು. ಪ್ರತಿ ಪ್ರಮಾಣಪತ್ರಕ್ಕೆ ಮೂರು ನಕಲು, ಪ್ರತಿ ನಕಲಿಗೂ ಗೆಜೆಟೆಡ್ ಅಧಿಕಾರಿಯ ಸಹಿ ಮತ್ತು ಸಿಕ್ಕಾ. ಒಳಗೆ ನನಗಿಂತ ನಾಲ್ಕು ವರ್ಷ ದೊಡ್ಡವನಾದ ಒಬ್ಬ ಹುಡುಗ ಟೀ ಶರ್ಟಿನಲ್ಲಿ ಕೂತಿದ್ದ. ನಾನು ಕೂರದೆ ನಿಂತೇ ಇದ್ದೆ. ನಿನ್ನ ಬಗ್ಗೆ ಹೇಳು ಎಂದ. ನಾನು ಅಪ್ಪನ ಹುದ್ದೆಯಿಂದ ಶುರು ಮಾಡಿದೆ. ಅವನು ನಕ್ಕ. ಕೆಟ್ಟ ನಗುವೇನಲ್ಲ, ಆದರೆ ನನಗೆ ಮೈಯೆಲ್ಲ ಉರಿಯಿತು. ಹೊರಗೆ ಬಂದಾಗ ಅಪ್ಪ ರಿಸೆಪ್ಷನ್ನಿನ ಹುಡುಗಿಗೆ ನನ್ನ ಅಂಕಪಟ್ಟಿ ತೋರಿಸುತ್ತಿದ್ದರು. ಆ ಉರಿಯನ್ನೆಲ್ಲ ನಾನು ಬಡಪಾಯಿ ಅಪ್ಪನ ಮೇಲೆ ಮನಸ್ಸಿನಲ್ಲೇ ತೀರಿಸಿಕೊಂಡೆ.

ಆಮೇಲೆ ಅಮೀರ್‌ಪೇಟೆಯ ದಾರಿ ಹಿಡಿದೆ. ಅಲ್ಲಿನ ಜೆರಾಕ್ಸ್ ಅಂಗಡಿಗಳಲ್ಲಿ, ಹಿಂದಿನ ದಿನ ಯಾವ ಕಂಪನಿಯಲ್ಲಿ ಏನು ಕೇಳಿದರು ಎಂಬುದು ಮರುದಿನವೇ ಸಿಗುತ್ತಿತ್ತು. ನಾನೂ ಗೆಳತಿಯರೂ ಅವರ ಹಾಸ್ಟೆಲಿನ ಮಾಳಿಗೆಯ ಮೇಲೆ ಒಬ್ಬರನ್ನೊಬ್ಬರು ಪ್ರಶ್ನಿಸುತ್ತಿದ್ದೆವು. ಸಂಜೆಯ ಬೋರ್ಡಿಗೆ ಮಾತ್ರ ತಪ್ಪದೆ ಹಾಜರಾಗುತ್ತಿದ್ದೆ, ಅಪ್ಪನ ಸಮಾಧಾನಕ್ಕೆ ಎಂದುಕೊಂಡು.

ಮಾದಾಪುರದ ಕಂಪನಿಯಿಂದ ಮಂಗಳವಾರಕ್ಕೆ ಕರೆ ಬಂದಾಗ ಅಪ್ಪನಿಗೆ ಗುರುವಾರ ಎಂದು ಹೇಳಿದೆ. ಅಪ್ಪ ಗೇಟಿನ ತನಕವೂ ಬರಬಾರದು, ಅಷ್ಟೇ ನನ್ನ ಲೆಕ್ಕ. ಬುಧವಾರ ಏನಾದರೊಂದು ನೆಪ ಹೇಳಿದರಾಯಿತು ಎಂದುಕೊಂಡೆ. ಎಷ್ಟು ಸಲೀಸಾಗಿ ಹೇಳಿದೆ ಎಂದರೆ, ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮಂಗಳವಾರ ಕೋಣೆಯೊಳಗೆ ಮೂವರು ಕೂತಿದ್ದರು. ನಡುವೆ ಕೂತಾತ ನನ್ನ ಕಾಗದ ನೋಡುತ್ತ ಎಷ್ಟೋ ಹೊತ್ತು ಮಾತಾಡಲೇ ಇಲ್ಲ. ನನಗಿಂತ ಮುಂಚೆ ಹೋಗಿದ್ದ ಗೆಳತಿ ಆ ಮೌನಕ್ಕೇ ಬೆವೆತು, ಗೊತ್ತಿದ್ದದ್ದನ್ನೂ ಮರೆತು ಹೊರಬಂದಿದ್ದಳು. ನನಗೆ ಏನೂ ಆಗಲಿಲ್ಲ. ತಿಂಗಳುಗಟ್ಟಲೆ ಪ್ರತಿ ಸಂಜೆ ಅಪ್ಪನ ಹುಬ್ಬು ಗಂಟನ್ನು ನೋಡಿದವಳಿಗೆ ಇವರು ಮೂವರೂ ಪಾಪದವರಂತೆ ಕಂಡರು. ಗೊತ್ತಿದ್ದಕ್ಕೆ ಉತ್ತರ ಕೊಟ್ಟೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ. ಗೊತ್ತಿಲ್ಲ ಎನ್ನುವಾಗ ತಲೆ ತಗ್ಗಿಸಬಾರದು ಎಂದು ಕಲಿಸಿದವರೂ ಅಪ್ಪನೇ. ಮಧ್ಯಾಹ್ನ ಮೂರಕ್ಕೆ ನನ್ನ ಹೆಸರು ಕರೆದು ಆಯ್ಕೆಯಾಯಿತು ಎಂದರು.

ಓಡಿ ಬಸ್ಸು ಹಿಡಿದು ಸಂಜೆಗೆ ಮನೆಗೆ ಬಂದೆ. ಪಡಸಾಲೆಯಲ್ಲಿ ಅಪ್ಪ ಮೇಜಿನ ಮೇಲೆ ನನ್ನ ಪ್ರಮಾಣಪತ್ರಗಳ ಹೊಸ ನಕಲುಗಳನ್ನು ಜೋಡಿಸುತ್ತಿದ್ದರು. ಸಹಿಗಾಗಿ ಸಾಹೇಬರ ಕೋಣೆಯ ಹೊರಗೆ ಎರಡು ತಾಸು ನಿಂತಿದ್ದರಂತೆ. ಗುರುವಾರಕ್ಕೆ ರಜೆ ಮಂಜೂರಾಗಿತ್ತು. ಅಪ್ಪನಿಗೆ ಏನೂ ಹೇಳದೆ ಮೇಜು ದಾಟಿದೆ. ಒಳಗೆ ಹೋಗಿ ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಮೊದಲು ನನ್ನ ಕೆನ್ನೆ ಹಿಡಿದಳು, ಆಮೇಲೆ ಕಿವಿ.

"ಗುರುವಾರ ಅವರ ಜೋಡಿ ಹೋಗಿ ಬಾ," ಎಂದಳು. "ಎರಡು ದಿನ ತಡದ್ರ ನೌಕರಿ ಏನ್ ಓಡಿ ಹೋಗಂಗಿಲ್ಲ."

ಹಾಗೆ, ಆಗಲೇ ಸಿಕ್ಕಿದ್ದ ನೌಕರಿಯ ಇಂಟರ್‌ವ್ಯೂಗೆ ನಾನು ಎರಡನೇ ಸಲ ಹೊರಟೆ. ಎರಡು ಬಸ್ಸು ಬದಲಿಸಿ ಮಾದಾಪುರ ತಲುಪುವ ತನಕ ಅಪ್ಪ ಪ್ರಶ್ನೆ ಕೇಳುತ್ತಲೇ ಇದ್ದರು. ಈ ಸಲ ಒಳಗೆ ಬರುವುದಿಲ್ಲ ಎಂದು ತಾವೇ ಹೇಳಿ, ಗೇಟಿನ ಎದುರಿನ ಚಹಾದ ಬಂಡಿಯ ಹತ್ತಿರ ನಿಂತರು. ನಾನು ರಿಸೆಪ್ಷನ್ನಿನಲ್ಲಿ ಕಾಗದಪತ್ರ ಕೊಡಲು ಬಂದವಳಂತೆ ಮುಕ್ಕಾಲು ತಾಸು ಕೂತು, ಹಳೆಯ ಪತ್ರಿಕೆಯೊಂದನ್ನು ತಿರುವಿ ಹಾಕಿ ಎದ್ದೆ. ಹೊರಗೆ ಬಂದಾಗ ಅಪ್ಪ ವಾಚ್‌ಮನ್ನನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು.

"ಏನ್ ಕೇಳಿದ್ರವ್ವಾ?" ಎಂದರು.

ರೈಲ್ವೆ ವಲಯಗಳೆಷ್ಟು ಎಂದು ಕೇಳಿದರು, ನೀವು ಕಲಿಸಿದ ಹಾಗೇ ಹೇಳಿದೆ ಎಂದೆ. ಅವರಿಗೆ ಸಂತೋಷವಾಗಲಿ ಎಂದು ಬಸ್ಸಿನಲ್ಲೇ ಯೋಚಿಸಿ ಇಟ್ಟುಕೊಂಡಿದ್ದ ಸುಳ್ಳು ಅದು. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ, ಕೂರು ಅಂದ ಮೇಲೆಯೇ ಕೂತೆಯಾ ಎಂದು ಕೇಳಿದರು. ಹೌದೆಂದೆ. ಹಾಗಾದರೆ ಪಾಸಾದಂತೆಯೇ ಎಂದು ತಲೆಯಾಡಿಸಿದರು. ದಾರಿಯಲ್ಲಿ ಸಿಕಂದರಾಬಾದಿನಲ್ಲಿ ಇಳಿದು ಪೇಡೆ ಕಟ್ಟಿಸಿಕೊಂಡರು. ಫಲಿತಾಂಶ ಬರುವ ಮುಂಚೆ ಇಷ್ಟು ಧೈರ್ಯವೇ ಎಂದು ನಾನು ಒಳಗೊಳಗೇ ನಕ್ಕೆ.

ಕೆಲಸಕ್ಕೆ ಸೇರಿದ ವಾರದಲ್ಲಿ ಒಂದು ಸಂಜೆ, ನಾನು ಗೇಟಿನ ಹತ್ತಿರ ಫೋನಿನಲ್ಲಿ ಅವ್ವನ ಜೊತೆ ಮಾತಾಡುವುದನ್ನು ಆ ವಾಚ್‌ಮನ್ ಕೇಳಿಸಿಕೊಂಡ. ಯಾದಗಿರಿ ಕಡೆಯವನು. ಆ ಕಟ್ಟಡ ಕಟ್ಟುವಾಗ ಇಟ್ಟಿಗೆ ಹೊರಲು ಬಂದವನು ಅಲ್ಲೇ ಕಾವಲಿಗೆ ನಿಂತಿದ್ದ. ಅಪ್ಪಾರು ಆರಾಮ ಇದ್ದಾರೇನು ಎಂದು ಕೇಳಿದ. ನಿಮಗೆ ಹೇಗೆ ಪರಿಚಯ ಎಂದೆ. ಆ ಗುರುವಾರ ಕನ್ನಡ ಕೇಳಿ ಖುಷಿಯಾಗಿ ಅವರನ್ನು ಕೂರಿಸಿಕೊಂಡಿದ್ದನಂತೆ. ಮಗಳ ಇಂಟರ್‌ವ್ಯೂ ನಡೆದಿದೆ ಎಂದು ಅಪ್ಪ ಹೇಳಿದಾಗ, ಅದು ಮಂಗಳವಾರವೇ ಮುಗಿಯಿತಲ್ಲ ಎಂದು ಇವನು ಅಂದುಬಿಟ್ಟಿದ್ದ. ಅಷ್ಟೇ ಅಲ್ಲ, ಆ ದಿನ ನಗುತ್ತ ಓಡಿಹೋದ ಹುಡುಗಿ ಇವತ್ತು ನಿಮ್ಮ ಜೊತೆ ಬಂದವಳೇ ಎಂದೂ ಹೇಳಿದ್ದ.

"ಕೈಯಾಗಿನ ಚಹಾ ಕೆಳಗಿಟ್ರು ನೋಡ್ರಿ ಅಕ್ಕಾರ," ಎಂದ. "ಆಮ್ಯಾಲೆ ಅಂದ್ರು, ಆಕಿಗೆ ಹೇಳಬ್ಯಾಡಪಾ, ಆಕಿ ಇವತ್ತು ನನ್ನ ಸಲುವಾಗಿ ಬಂದಾಳ ಅಂತ."

ಮನೆಗೆ ಬಂದು ಹೇಳಿಬಿಡಬೇಕು ಎಂದುಕೊಂಡೇ ಬಸ್ಸು ಹತ್ತಿದೆ. ಬಾಗಿಲಲ್ಲೇ ಅಪ್ಪ ಎದುರು ಮನೆಯವರಿಗೆ ರೈಲ್ವೆ ವಲಯದ ಪ್ರಶ್ನೆಯಿಂದ ನನಗೆ ನೌಕರಿ ಸಿಕ್ಕಿದ ಕಥೆ ಹೇಳುತ್ತಿದ್ದರು. ಹೌದಿಲ್ಲೋ ಎಂಬಂತೆ ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಆಮೇಲೆ ಎಷ್ಟು ವರ್ಷ, ಎಷ್ಟು ಮದುವೆ ಮುಂಜಿಗಳಲ್ಲಿ ಆ ಕಥೆ ನಡೆಯಿತೋ. ಪ್ರತಿ ಸಲವೂ ಅವರು ನೋಡುವುದು, ನಾನು ತಲೆಯಾಡಿಸುವುದು.

ಅಪ್ಪ ಹೋಗುವ ಹಿಂದಿನ ತಿಂಗಳು ಒಂದು ಮಧ್ಯಾಹ್ನ, ಅವರ ತಲೆದಿಂಬು ಸರಿಪಡಿಸುತ್ತಿದ್ದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು.

"ಅವತ್ತು ಇಂಟರ್‌ವ್ಯೂ ಚಲೋ ಮಾಡಿದಿ ನೋಡು," ಎಂದರು.

ಯಾವತ್ತು ಎಂದು ಅವರು ಹೇಳಲಿಲ್ಲ. ನಾನು ನಿಜ ಹೇಳಲೆಂದು ತೆರೆದಿಟ್ಟ ಬಾಗಿಲು ಅದು ಎಂದು ಗೊತ್ತಾಯಿತು. ನೀವು ಕಲಿಸಿದ್ದಿರಲ್ಲ ಎಂದಷ್ಟೇ ಅಂದು, ನೀರು ತರುವ ನೆಪದಲ್ಲಿ ಒಳಗೆ ಹೋದೆ. ವಲಯಗಳ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಆದರೆ ಆ ಮೂವರ ಮುಂದೆ ನಾನು ಹೆದರದೆ ಕೂತದ್ದು ಅಪ್ಪನಿಂದಲೇ. ಅದು ನಿಜ, ಅವರು ಹೇಳುತ್ತಿದ್ದ ಕಥೆಗಿಂತ ದೊಡ್ಡ ನಿಜ. ಅದನ್ನು ಹೇಳಬೇಕಾದರೆ ಮೊದಲು ಮಂಗಳವಾರದ ಹೆಸರೆತ್ತಬೇಕಿತ್ತು. ನೀರು ತುಂಬಿಸಿಕೊಂಡು ಬಂದಾಗ ಅಪ್ಪ ಇನ್ನೂ ಬಾಗಿಲ ಕಡೆಗೇ ನೋಡುತ್ತಿದ್ದರು, ಮನೆಯಲ್ಲಿ ನಾವಿಬ್ಬರೇ ಇದ್ದೆವು, ನಾನು ಲೋಟ ಕೊಟ್ಟು ಮತ್ತೆ ತಲೆದಿಂಬು ಸರಿಪಡಿಸತೊಡಗಿದೆ.