ಸಿಂಕಿನ ಕೆಳಗಿನ ಲೋಟ

ಮೊನ್ನೆ ಫಿನೈಲ್ ಬಾಟಲಿ ಹುಡುಕಲು ಅಡುಗೆಮನೆಯ ಸಿಂಕಿನ ಕೆಳಗೆ ಕೈ ಹಾಕಿದೆ. ಬಾಟಲಿ ಸಿಗಲಿಲ್ಲ, ಲೋಟವೊಂದು ಉರುಳಿಕೊಂಡು ಬಂದು ಕಾಲ ಬಳಿ ನಿಂತಿತು. ಬಿಳಿಯ ಎನಾಮಲ್ ಲೋಟ, ಬಾಯಿಗೆ ನೀಲಿ ಅಂಚು. ಅಲ್ಲಲ್ಲಿ ಬಿಳುಪು ಎದ್ದುಹೋಗಿ ಕಪ್ಪು ತಗಡು ಕಾಣುತ್ತಿತ್ತು. ನಮ್ಮ ಮನೆಗೆಲಸದ ಗ್ರೇಸ್ ಚಹಾ ಕುಡಿಯುವ ಲೋಟ ಅದು. ವರ್ಷಗಳಿಂದ ಅಲ್ಲೇ ಇದೆ. ಇದೆ ಎಂದು ನನಗೂ ಗೊತ್ತು, ಆದರೆ ಕೈಯಲ್ಲಿ ಹಿಡಿದು ನೋಡಿದ್ದು ಅವತ್ತೇ ಮೊದಲು.

ನೈರೋಬಿಯಲ್ಲಿ ನಮ್ಮವರ ಅಡುಗೆಮನೆಗಳಲ್ಲಿ ಇಂಥ ಲೋಟ ಇಲ್ಲದ್ದು ಕಡಿಮೆ. ನೀವು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕೂತು ಇದನ್ನು ಓದುತ್ತಿದ್ದರೆ ಮುಖ ಆ ಕಡೆ ತಿರುಗಿಸಬೇಡಿ. ನಿಮ್ಮ ಬಚ್ಚಲ ಕಿಟಕಿಯ ಮೇಲೆ ಬೋರಲು ಹಾಕಿರುವ ಸ್ಟೀಲ್ ಲೋಟ ಯಾರದು ಎಂದು ನಾನೇನೂ ಕೇಳುವುದಿಲ್ಲ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಹೊಸದಾಗಿ ಸಂಸಾರ ಹೂಡಿದ ಹುಡುಗಿಯೂ ಕುಕ್ಕರು, ಒಗ್ಗರಣೆ ಸೌಟುಗಳ ಜೊತೆಗೆ ಇದೊಂದನ್ನು ತಾನಾಗಿಯೇ ಹೊಂದಿಸಿಕೊಳ್ಳುತ್ತಾಳೆ. ನಾನು ಆ ಲೋಟ ಹಿಡಿದುಕೊಂಡು ನೆಲದ ಮೇಲೇ ಕೂತೆ. ತುಂಗಮ್ಮ ನೆನಪಾದರು.

ಆಗ ಈ ಶತಮಾನ ಶುರುವಾಗಿ ಇನ್ನೂ ಐದಾರು ವರ್ಷ. ನನ್ನ ಗಂಡ ಇಲ್ಲಿಯ ಔಷಧಿ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ನಾನು ಬೆಂಗಳೂರಿನಲ್ಲಿ ಸಮಾಜಕಾರ್ಯ ಓದಿ, ಇಲ್ಲಿ ಕೆಲಸ ಮಾಡಲು ಪರ್ಮಿಟ್ ಇಲ್ಲದೆ ಮನೆಯಲ್ಲಿ ಕೂತ, ನಲವತ್ತು ದಾಟಿದ ಹೆಂಡತಿ. ಓದಿದ್ದಕ್ಕೆ ತುಕ್ಕು ಹಿಡಿಯದಿರಲಿ ಎಂದು ಪಂಗಾನಿ ಬಡಾವಣೆಯಲ್ಲಿ ನಮ್ಮ ದೇಶದವರ ಒಂದು ಟ್ರಸ್ಟು ನಡೆಸುತ್ತಿದ್ದ ವೃದ್ಧಾಶ್ರಮಕ್ಕೆ ಹೋಗಿ ಬರುತ್ತಿದ್ದೆ. ಹಳೆಯ ಕಲ್ಲಿನ ಮನೆ, ಉದ್ದನೆಯ ವರಾಂಡ, ಹೊರಗೆ ಮಟಾಟು ಎಂಬ ಬಾಡಿಗೆ ವ್ಯಾನುಗಳ ಹಾರ್ನು. ಮುದುಕರು ಆ ಸದ್ದನ್ನು ಬೈದುಕೊಳ್ಳುತ್ತ, ಅದು ನಿಂತರೆ ಏನಾಯಿತೋ ಎಂದು ಗಾಬರಿಯಾಗುತ್ತ ಕಾಲ ಕಳೆಯುತ್ತಿದ್ದರು.

ತುಂಗಮ್ಮ ನಂಜನಗೂಡಿನ ಕಡೆಯವರು. ಗಂಡನ ಜೊತೆ ಈ ಊರಿಗೆ ಬಂದು ಜೀವಮಾನವೇ ಆಗಿತ್ತು, ಗಂಡ ಹೋಗಿಬಿಟ್ಟಿದ್ದರು. ಮಗ ಮುರಳಿ ಕಾರ್ಖಾನೆಯಲ್ಲಿ ಮ್ಯಾನೇಜರು, ಸೊಸೆ ವಿಜಯಾಗೆ ಬ್ಯಾಂಕಿನಲ್ಲಿ ಕೆಲಸ. ತುಂಗಮ್ಮನ ಮಡಿಯ ಕತೆಗಳನ್ನು ಹಳಬರು ಇನ್ನೂ ಹೇಳುತ್ತಿದ್ದರು. ಅಂಗಡಿಯವನು ಕೊಟ್ಟ ಚಿಲ್ಲರೆಯನ್ನು ತೊಳೆದು ಒರೆಸಿ ಡಬ್ಬಿಗೆ ಹಾಕುತ್ತಿದ್ದರಂತೆ. ತರಕಾರಿ ಹೆಂಗಸು ಗೇಟಿನಾಚೆ ಬುಟ್ಟಿ ಇಳಿಸಿ ಹತ್ತು ಹೆಜ್ಜೆ ಹಿಂದೆ ಸರಿದ ಮೇಲೆಯೇ ಇವರು ಹೊರಗೆ ಬರುತ್ತಿದ್ದದ್ದಂತೆ. ಆಮೇಲೆ ಮರೆವು ಬಂತು. ಮೊದಲು ಸಾರಿಗೆ ಉಪ್ಪು ಮರೆತರು, ಒಲೆ ಆರಿಸುವುದು ಮರೆತರು, ಮಗನ ಹೆಸರು ಮರೆತರು. ಎಲ್ಲಕ್ಕಿಂತ ಕೊನೆಗೆ ಮಡಿ ಮರೆತರು.

ಅದು ಮರೆತದ್ದೇ ಮರೆತದ್ದು, ತುಂಗಮ್ಮ ಬೇರೆಯೇ ಹೆಂಗಸಾದರು. ಆಶ್ರಮದಲ್ಲಿ ಅವರನ್ನು ನೋಡಿಕೊಳ್ಳುತ್ತಿದ್ದವಳು ಎಸ್ತರ್ ಎಂಬ ಇಲ್ಲಿಯವಳೇ ಆದ ಹೆಂಗಸು. ಬಾಯಿ ಬಿಟ್ಟರೆ ನಿಲ್ಲಿಸದವಳು, ಬೆಳಿಗ್ಗೆ ತಡವಾಗಿ ಬಂದು ಮಟಾಟುವಿನ ಮೇಲೆ ತಪ್ಪು ಹೊರಿಸುವವಳು. ತುಂಗಮ್ಮ ಅವಳನ್ನು ತಮ್ಮ ತಂಗಿ ಚಂಪಾ ಎಂದು ತಿಳಿದಿದ್ದರು. ಊಟದ ಹೊತ್ತಿಗೆ ಅವಳ ಮಣಿಕಟ್ಟು ಹಿಡಿದು, "ಚಂಪಾ, ನೀನು ಉಂಡ್ಯೇನೇ? ಬಾ, ಕೂತ್ಕೋ," ಎನ್ನುತ್ತಿದ್ದರು. ಅವಳು ಪಕ್ಕದಲ್ಲಿ ತಟ್ಟೆ ಹಾಕಿಕೊಂಡು ಕೂತು ಮೊದಲ ತುತ್ತು ಬಾಯಿಗಿಟ್ಟ ಮೇಲೆಯೇ ಇವರು ಅನ್ನಕ್ಕೆ ಕೈ ಹಾಕುವುದು. ಇಲ್ಲದಿದ್ದರೆ ತುಟಿ ಬಿಗಿದು ಕೂತುಬಿಡುತ್ತಿದ್ದರು. ಯಾರು ಏನು ಮಾಡಿದರೂ ಬಿಚ್ಚುತ್ತಿರಲಿಲ್ಲ. ಎಸ್ತರ್ "ಬಂದೆ ಅಕ್ಕಾ" ಎನ್ನುವುದನ್ನು ಕಲಿತಿದ್ದಳು. ಇಲ್ಲಿಯವರು ಊಜಿ ಎಂಬ ಹುಳಿ ಗಂಜಿಗೆ ಸಕ್ಕರೆ ಹಾಕಿ ಕುಡಿಯುತ್ತಾರಲ್ಲ, ಎಸ್ತರ್ ಪಾಲಿಗೆ ಮೊಸರನ್ನವೂ ಒಂದು ಬಗೆಯ ಊಜಿಯೇ. ಅದಕ್ಕೆ ಎರಡು ಚಮಚ ಸಕ್ಕರೆ ಸುರಿದುಕೊಂಡು ತಿನ್ನುತ್ತಿದ್ದಳು. ಸ್ವಲ್ಪ ದಿನಕ್ಕೆ ತುಂಗಮ್ಮನೂ ತಮ್ಮ ತಟ್ಟೆಯನ್ನು ಸಕ್ಕರೆಗೆ ಚಾಚತೊಡಗಿದರು. ಒಗ್ಗರಣೆ ಹಾಕಿದ ಮೊಸರನ್ನಕ್ಕೆ ಸಕ್ಕರೆ! ನಾನು ಒಮ್ಮೆ ತಿಂದು ನೋಡಿದೆ. ಚೆನ್ನಾಗಿರಲಿಲ್ಲ.

ಆ ಹೊತ್ತಿಗೆ ಸುಧಾರಣೆ ಬಂತು. ಗಿಗಿರಿಯಲ್ಲಿ ಕಚೇರಿ ಇದ್ದ ದೊಡ್ಡ ಸಂಸ್ಥೆಯೊಂದು ಟ್ರಸ್ಟಿಗೆ ನೆರವು ಕೊಡಲು ಮುಂದೆ ಬಂತು. ಹಿರಿಯರನ್ನು ಒಂದು ಕಡೆ ಗುಡ್ಡೆ ಹಾಕಬಾರದು, ಅವರು ತಮ್ಮ ಮನೆಯಲ್ಲಿ ತಮ್ಮವರ ನಡುವೆ ಇರಬೇಕು, ಆರೈಕೆಯವರೇ ಅವರಿದ್ದಲ್ಲಿಗೆ ಹೋಗಬೇಕು ಎಂಬುದು ಅವರ ಮಾತು. ತಪ್ಪೇನಿದೆ ಹೇಳಿ? ನಾನೂ ತಲೆದೂಗಿದೆ. ಈಗಲೂ ಯಾರಾದರೂ ಹೇಳಿದರೆ ತಲೆದೂಗುತ್ತೇನೆ. ಆಶ್ರಮ ಮುಚ್ಚುವುದು, ಮುದುಕರು ಮಕ್ಕಳ ಮನೆಗೆ ಹೋಗುವುದು, ಎಸ್ತರ್ ಮತ್ತು ಅವಳ ಜೊತೆಯವರು ಮನೆಮನೆಗೆ ಹೋಗುವುದು ಎಂದಾಯಿತು. ಆ ಹೆಂಗಸರನ್ನು ಹೊಸ ಪದ್ಧತಿಗೆ ಸಜ್ಜು ಮಾಡುವ ಕೆಲಸ ನನಗೆ ಬಂತು. ಫೋನಿನಲ್ಲಿ ಅತ್ತೆಯ ಹತ್ತಿರ ನೆಟ್ಟಗೆ ನಾಲ್ಕು ಮಾತಾಡಲು ಬಾರದ ನಾನು ಪರರ ಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಪಾಠ ಹೇಳಲು ನಿಂತೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ನನ್ನ ಗಂಡ ರೇಗಿಸಿದರು.

ಪಾಠ ಮಾತ್ರ ಚೆನ್ನಾಗಿಯೇ ಮಾಡಿದೆ. ಚಪ್ಪಲಿ ಬಾಗಿಲಲ್ಲೇ ಬಿಡಬೇಕು, ದೇವರ ಗೂಡು ಮುಟ್ಟಬಾರದು, ಮಾಂಸದ ಬುತ್ತಿ ಒಯ್ಯಬಾರದು. ಕೊನೆಗೆ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದೆ: ಹೋದ ಮನೆಯ ಪದ್ಧತಿಯನ್ನು ಗೌರವಿಸಿ. ಅದನ್ನು ಎಲ್ಲರಿಂದಲೂ ಹೇಳಿಸಿದೆ. ಗಿಗಿರಿಯಿಂದ ಬಂದಿದ್ದ ಹೆಂಗಸು ನನ್ನ ಕೈ ಕುಲುಕಿ, ಇದೇ ನಮಗೆ ಬೇಕಾಗಿದ್ದದ್ದು ಎಂದಳು. ಆವತ್ತು ರಾತ್ರಿ ಹೆಮ್ಮೆಗೆ ನಿದ್ದೆ ಬರಲಿಲ್ಲ.

ತುಂಗಮ್ಮ ಕಿಲಿಮಾನಿಯಲ್ಲಿದ್ದ ಮಗನ ಫ್ಲ್ಯಾಟಿಗೆ ಹೋದರು. ಎಸ್ತರ್ ಜೊತೆ ಮೊದಲ ದಿನ ನಾನೂ ಹೋಗಿದ್ದೆ. ತುಂಗಮ್ಮನಿಗೆ ಬಿಸಿಲು ಬೀಳುವ ಕೋಣೆ ಕೊಟ್ಟಿದ್ದರು, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕಿಸಿದ್ದರು. ವಿಜಯಾ ಒಳ್ಳೆಯ ಹುಡುಗಿ. ಇದನ್ನು ನಾನು ಒತ್ತಿ ಹೇಳಬೇಕು. ಎಸ್ತರ್‌ಗೆಂದು ಹೊಸ ತಟ್ಟೆ, ಹೊಸ ಎನಾಮಲ್ ಲೋಟ ತಂದಿಟ್ಟಿದ್ದಳು. ಬೆಲೆಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. "ಹಳೇದು ಕೊಡೋಕೆ ಮನಸ್ಸಾಗ್ಲಿಲ್ಲ ಆಂಟಿ, ಹೊಸದೇ ತಂದೆ," ಎಂದಳು. ಅಡುಗೆಮನೆಯ ಹಿಂದಿನ ಓಣಿಯಲ್ಲಿ ಎಸ್ತರ್ ಕೂತು ಉಣ್ಣಲು ಒಂದು ಸ್ಟೂಲು ಹಾಕಿದ್ದಳು. ಎಸ್ತರ್ "ಅಸಾಂಟೆ" ಎಂದು ತನ್ನ ಭಾಷೆಯಲ್ಲಿ ಧನ್ಯವಾದ ಹೇಳಿ ನಕ್ಕು ತಟ್ಟೆ, ಲೋಟ ಎರಡನ್ನೂ ಸಿಂಕಿನ ಕೆಳಗಿಟ್ಟಳು.

ಮಧ್ಯಾಹ್ನ ತುಂಗಮ್ಮನ ಮುಂದೆ ಬೆಳ್ಳಿ ತಟ್ಟೆ ಇಟ್ಟರು. ಅವರು ಅತ್ತಿತ್ತ ನೋಡಿ, "ಚಂಪಾ ಉಂಡ್ಳಾ?" ಎಂದರು.

"ಉಂಡಾಯ್ತಮ್ಮಾ," ಎಂದ ಮುರಳಿ.

ತುಂಗಮ್ಮ ತುಟಿ ಬಿಗಿದರು.

ಎಸ್ತರ್ ಪಕ್ಕದಲ್ಲಿ ಕೂತು ಉಣ್ಣದಿದ್ದರೆ ಅವರು ಉಣ್ಣುವುದಿಲ್ಲ ಎಂದು ನಾನು ಮುರಳಿಗೆ ಬಿಡಿಸಿ ಹೇಳಿದೆ. ಅವನು ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ಜಗಳವಾದರೂ ಆಡಬಹುದಿತ್ತು. ಕಣ್ಣಲ್ಲಿ ನೀರು ತಂದುಕೊಂಡು, "ಆಂಟಿ, ಅಮ್ಮನ ಮಡಿ ನಿಮಗೆ ಗೊತ್ತಿಲ್ಲ. ನಾನು ಸ್ಕೂಲಿಂದ ಬಂದ್ರೆ ಸ್ನಾನ ಮಾಡೋವರೆಗೂ ಮುಟ್ಟಿಸ್ಕೊಳ್ತಿರ್ಲಿಲ್ಲ. ಅವರಿಗೆ ಜ್ಞಾಪಕ ಇಲ್ಲ ಅಂತ ನಾವೂ ಮರೆತುಬಿಡೋಕಾಗತ್ತಾ? ಇಷ್ಟೂ ಮರ್ಯಾದೆ ಕೊಡದಿದ್ರೆ ಮಗ ಅಂತ ಯಾಕಿರಬೇಕು?" ಎಂದ.

ಏನು ಹೇಳುತ್ತೀರಿ ಇದಕ್ಕೆ? ತಾಯಿ ದಾಟಿ ಹೋಗಿದ್ದ ಹೊಸಿಲಿನ ಈಚೆಗೆ ಮಗ ಕಾವಲು ಕೂತಿದ್ದ, ಅದೂ ಪ್ರೀತಿಯಿಂದ.

ತುಂಗಮ್ಮ ಇಳಿಯುತ್ತ ಬಂದರು. ಚಿನ್ನದ ಬಳೆಗಳು ಮೊಣಕೈವರೆಗೆ ಸರಿಯತೊಡಗಿದವು. ಬಂದ ಡಾಕ್ಟರು ಈ ವಯಸ್ಸಿನಲ್ಲಿ ಹಸಿವು ಕಡಿಮೆಯಾಗುವುದು ಸಹಜ ಎಂದು ಟಾನಿಕ್ ಬರೆದುಕೊಟ್ಟರು. ವಿಜಯಾ ರಜೆ ಹಾಕಿ ಕೂತು ತುತ್ತು ಮಾಡಿ ಇಟ್ಟಳು, ಅತ್ತಳು. ನಾನು ಎಸ್ತರಳನ್ನು ಕರೆದು, ಮನೆಯವರು ಕೆಲಸಕ್ಕೆ ಹೋಗಿರುವಾಗ ಪಕ್ಕದಲ್ಲಿ ಕೂತು ಉಣ್ಣಬಾರದೇನೇ ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿ ಇಂಗ್ಲಿಷಿನಲ್ಲಿ ಹೇಳಿದಳು: "ಹೋದ ಮನೆಯ ಪದ್ಧತಿ, ಮೇಡಂ. ನೀವೇ ಬೋರ್ಡಿನ ಮೇಲೆ ಬರೆದಿದ್ದು." ವ್ಯಂಗ್ಯವೇನೂ ಇರಲಿಲ್ಲ. ಕೆಲಸ ಕಳೆದುಕೊಳ್ಳುವ ಭಯವಿತ್ತು, ಅಷ್ಟೇ.

ಆದರೂ ಒಂದು ದಿನ ಅವಳು ಕೂತಳು. ತನ್ನ ತಟ್ಟೆಯನ್ನು ಓಣಿಯಿಂದ ತಂದು, ಮೊಸರನ್ನಕ್ಕೆ ಸಕ್ಕರೆ ಹಾಕಿಕೊಂಡು, "ಬಂದೆ ಅಕ್ಕಾ" ಎಂದಳು. ತುಂಗಮ್ಮ ಬಟ್ಟಲು ಪೂರ್ತಿ ಖಾಲಿ ಮಾಡಿ ಇನ್ನೊಂದು ಸಲ ಬಡಿಸಿಕೊಂಡರಂತೆ. ಅದೇ ಹೊತ್ತಿಗೆ ವಿಜಯಾ ತಲೆನೋವೆಂದು ಬ್ಯಾಂಕಿನಿಂದ ಬೇಗ ಮನೆಗೆ ಬಂದಳು. ಕೂಗಾಡಲಿಲ್ಲ. ಊಟದ ಮೇಜು ಒರೆಸಿದಳು, ಮತ್ತೊಮ್ಮೆ ಒರೆಸಿದಳು, ಆಮೇಲೆ ನನಗೆ ಫೋನು ಮಾಡಿದಳು. "ತಪ್ಪು ತಿಳ್ಕೋಬೇಡಿ ಆಂಟಿ. ಎಸ್ತರ್ ಒಳ್ಳೆಯವಳೇ. ಆದ್ರೆ ಇವರಿಗೆ ಗೊತ್ತಾದ್ರೆ ನೊಂದ್ಕೋತಾರೆ. ಬೇರೆ ಯಾರನ್ನಾದ್ರೂ ಕಳಿಸಿ."

ಅತ್ತೆ ಉಂಡರಲ್ಲಮ್ಮಾ ಎಂದೆ. "ಹೌದು ಆಂಟಿ, ಉಂಡ್ರು," ಎಂದಳು. "ಆದ್ರೂ ಬೇರೆಯವರನ್ನ ಕಳಿಸಿ."

ಟ್ರಸ್ಟಿನ ಅಧ್ಯಕ್ಷರ ಹತ್ತಿರ ಹೋಗಿ ಗೋಗರೆದೆ. ಮನೆಯವರು ಬೇಡವೆಂದ ಮೇಲೆ ಮುಗಿಯಿತು, ಒಂದು ಮನೆ ಬೇಸರಪಟ್ಟರೆ ಇಡೀ ಸಮಾಜಕ್ಕೆ ಸುದ್ದಿ ಹೋಗುತ್ತದೆ, ಆಮೇಲೆ ನಮ್ಮ ಆರೈಕೆಯವರನ್ನು ಯಾರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದರು. ಅವರು ಹೇಳಿದ್ದೂ ಸುಳ್ಳಲ್ಲ. ಎಸ್ತರಳನ್ನು ಬೇರೆ ಮನೆಗೆ ಹಾಕಿದರು. ಕಿಲಿಮಾನಿಗೆ ಹೋದ ಹೊಸಬಳದು ಮಾತು ಕಡಿಮೆ, ಕೆಲಸ ಚೊಕ್ಕಟ, ಅವಳು ಹೊತ್ತಿಗೆ ಸರಿಯಾಗಿ ಬರುತ್ತಿದ್ದಳು. ತುಂಗಮ್ಮ ಅವಳ ಕೈಯನ್ನು ಹಿಡಿಯಲೇ ಇಲ್ಲ. ಮಳೆಗಾಲ ಶುರುವಾಗುವ ಮೊದಲೇ ತೀರಿಕೊಂಡರು. ಗಿಗಿರಿಯವರು ನಮ್ಮ ಯೋಜನೆ ಬೇರೆ ಊರುಗಳಿಗೂ ಮಾದರಿ ಎಂದರು.

ವೈಕುಂಠ ಸಮಾರಾಧನೆಗೆ ಎಸ್ತರ್ ಚರ್ಚಿಗೆ ಹಾಕಿಕೊಳ್ಳುವ ಉಡುಪು ತೊಟ್ಟು ಬಂದಿದ್ದಳು. ಯಾರೂ ಕರೆದಿರಲಿಲ್ಲ, ಸುದ್ದಿ ಕೇಳಿ ತಾನೇ ಬಂದದ್ದು. ಒಳಗೆ ಪಂಕ್ತಿ ಕೂತಿತ್ತು. ವಿಜಯಾ ಅವಳನ್ನು ತಬ್ಬಿಕೊಂಡು ಅತ್ತಳು. ಅತ್ತು, ಒಳಗೆ ಹೋಗಿ, ಊಟವನ್ನು ಡಬ್ಬಿಯಲ್ಲಿ ಕಟ್ಟಿಸಿ ತಂದು ಬಾಗಿಲಲ್ಲೇ ಅವಳ ಕೈಗಿಟ್ಟಳು. ಎಸ್ತರ್ ಲಿಫ್ಟಿನ ಹತ್ತಿರ ನಿಂತು ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. "ಸಕ್ಕರೆ ಇಲ್ಲ," ಎಂದು ನನಗೆ ಹೇಳಿ, ಮುಚ್ಚಿಕೊಂಡು ಹೋದಳು. ನಾನು ಒಳಗೆ ಹೋಗಿ ಪಂಕ್ತಿಯಲ್ಲಿ ಕೂತು ಉಂಡೆ.

ಇಷ್ಟೆಲ್ಲ ಕಂಡ ಮೇಲೂ ನಿಮ್ಮ ಮನೆಯಲ್ಲಿ ಈ ಲೋಟ ಹೇಗೆ ಉಳಿಯಿತಮ್ಮ ಎಂದು ನೀವು ಕೇಳುತ್ತೀರಿ. ಸಿಂಕಿನ ಮುಂದೆ ಕೂತು ನಾನೂ ಅದನ್ನೇ ಕೇಳಿಕೊಂಡೆ. ಕೊಂಡ ನೆನಪಿಲ್ಲ, ಇಟ್ಟ ನೆನಪಿಲ್ಲ. ಈಚೆಗೆ ನನಗೂ ಮರೆವು ಹೆಚ್ಚಾಗಿದೆ. ಕನ್ನಡಕ ತಲೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕುತ್ತೇನೆ. ನಾಳೆ ನಾನು ಯಾರ ಕೈ ಹಿಡಿದು ಯಾವ ಹೆಸರಿನಿಂದ ಕರೆಯುತ್ತೇನೋ. ನನ್ನ ಮಗಳು ಇಲ್ಲೇ ಬೆಳೆದವಳು, ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಅವಳೂ ನನ್ನ ಮೇಲಿನ ಪ್ರೀತಿಗೆ "ಉಂಡಾಯ್ತು" ಎಂಬ ಒಂದು ಮಾತನ್ನು ಕನ್ನಡದಲ್ಲೇ ಹೇಳುತ್ತಾಳೇನೋ. ಹೆದರಿಕೆಯಾಯಿತು. ಎದ್ದು ಲೋಟವನ್ನು ಕಸದ ಬುಟ್ಟಿಗೆ ಹಾಕಿದೆ.

ಸಂಜೆ ಗ್ರೇಸ್ ಸಿಂಕಿನ ಕೆಳಗೆ ಬಗ್ಗಿ ತಡಕಾಡಿ, ನನ್ನ ಲೋಟ ಎಲ್ಲಿ ಎಂದಳು. ಅದು ಹೋಯಿತು ಎಂದೆ. ನಾವು ಕುಡಿಯುವ ಸ್ಟೀಲ್ ಲೋಟದಲ್ಲೇ ಅವಳಿಗೂ ಚಹಾ ಬಗ್ಗಿಸಿ ಮೇಜಿನ ಮೇಲಿಟ್ಟು, ಕುರ್ಚಿ ಎಳೆದು, ಕೂತ್ಕೋ ಎಂದೆ. ಅವಳು ನನ್ನ ಮುಖ ನೋಡಿದಳು, ಏನೋ ತಪ್ಪಾಗಿದೆ ಎಂಬಂತೆ. "ಸವಾ, ಮಾಮಾ," ಎಂದಳು. ಆಗಲಿ ಅಮ್ಮ ಎಂದರ್ಥ. ಹಾಗೆಂದು ಲೋಟವನ್ನು ಎತ್ತಿಕೊಂಡು ಎಂದಿನಂತೆ ಹಿಂಬದಿಯ ಮೆಟ್ಟಿಲಿಗೆ ಹೋಗಿ ಕೂತು ಕುಡಿದಳು. ಕುಡಿದು, ತೊಳೆದು, ಸಿಂಕಿನ ಕೆಳಗೆ ಬೋರಲು ಹಾಕಿದಳು.

ಅದು ಈಗಲೂ ಅಲ್ಲೇ ಇದೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಗ್ರೇಸ್ ಬಿಟ್ಟು ಬೇರೆ ಯಾರೂ ಅದರಲ್ಲಿ ಕುಡಿದಿಲ್ಲ. ನಾನೂ ಕುಡಿದಿಲ್ಲ.