ಅತ್ತೆಯ ಪೊಟ್ಯಾಸಿಯಂ ಏಳು ದಾಟಿದ ದಿನ

ಎರಡು ವರ್ಷದ ಹಿಂದಿನ ಏಪ್ರಿಲ್ ತಿಂಗಳು. ಬೆಳಿಗ್ಗೆ ನರಗುಂದದ ಲ್ಯಾಬಿನವನೊಬ್ಬ ಯಾವಗಲ್‌ನ ನಮ್ಮ ಮನೆಗೇ ಬಂದು ಅತ್ತೆಯ ರಕ್ತ ತೆಗೆದುಕೊಂಡು ಹೋಗಿದ್ದ. ಅತ್ತೆ ಬಿ.ಪಿ. ಗುಳಿಗೆ ನುಂಗುವವರು. ಕಿಡ್ನಿ ಹೇಗಿದೆ ನೋಡೋಣ ಎಂದು ಡಾಕ್ಟರು ಬರೆದುಕೊಟ್ಟ ಮಾಮೂಲಿ ಪರೀಕ್ಷೆ ಅದು. ಅವನು ಹೋದ ಮೇಲೆ ನಾನು ಮರೆತೇ ಬಿಟ್ಟಿದ್ದೆ.

ನಾಲ್ಕು ಗಂಟೆಗೆ ಲ್ಯಾಬಿನಿಂದ ಫೋನು ಬಂತು. “ಅಕ್ಕಾರ, ನಿಮ್ಮ ಅತ್ತಿಯವರ ಪೊಟ್ಯಾಸಿಯಂ ಏಳರ ಮ್ಯಾಲ ಐತ್ರಿ. ಐದರ ಒಳಗ ಇರಬೇಕು. ಇಷ್ಟ ಏರಿದ್ರ ಹಾರ್ಟ್ ನಿಂತ ಬಿಡಬಹುದು. ಲಗೂ ದವಾಖಾನಿಗೆ ಕರ್ಕೊಂಡ ಬರ್ರಿ.”

ಅತ್ತೆ ಪಡಸಾಲೆಯಲ್ಲಿ ಆರಾಮಾಗಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದರು. ಗಜೇಂದ್ರಗಡಕ್ಕೆ ಹೋಗಿದ್ದ ನಮ್ಮ ಯಜಮಾನರ ಫೋನು ಹತ್ತಲಿಲ್ಲ. ಬಸ್ಸು ಆಗಷ್ಟೇ ಹೋಗಿತ್ತು. ಪಕ್ಕದ ಮನೆಯ ಬಸಪ್ಪ ಕಾಕಾ ಉಣ್ಣುವುದನ್ನು ಬಿಟ್ಟು ಎದ್ದು ಟ್ರ್ಯಾಕ್ಟರ್ ತೆಗೆದರು.

“ಎಲ್ಲಿಗವಾ?” ಎಂದರು ಅತ್ತೆ.

“ಡಾಕ್ಟರು ಇನ್ನೊಮ್ಮೆ ನೋಡಬೇಕಂತರಿ, ಅತ್ತಿ,” ಎಂದೆ. ನಿಜ ಹೇಳಿದರೆ ಆ ಗಾಬರಿಗೇ ಎದೆ ನಿಂತುಬಿಟ್ಟರೆ?

ಟ್ರೇಲರಿನಲ್ಲಿ ಗೋಣಿಚೀಲ ಹಾಸಿ ಕೂತೆವು. ಸ್ವಲ್ಪ ದೂರಕ್ಕೇ ಅತ್ತೆಯ ಕಣ್ಣು ಮುಚ್ಚಿತು, ತಲೆ ನನ್ನ ಹೆಗಲ ಮೇಲೆ ಬಿತ್ತು. ಅಲುಗಾಡಿಸಿ ಎಬ್ಬಿಸಿದೆ. ಮತ್ತೆ ಮುಚ್ಚಿತು, ಮತ್ತೆ ಎಬ್ಬಿಸಿದೆ.

“ಏನ್ ಹತ್ತೇತಿ ನಿನಗ? ಕಣ್ಣ ಮುಚ್ಚಾಕೂ ಬಿಡವಲ್ಲಿ!” ಎಂದು ಬೈದರು. ಅವರ ಬೈಗುಳ ಅಷ್ಟು ಹಿತವೆನಿಸಿದ್ದು ಅದೇ ಮೊದಲು.

ನರಗುಂದದ ದವಾಖಾನೆಯಲ್ಲಿ ಇ.ಸಿ.ಜಿ. ಮಾಡಿದರು. ಡಾಕ್ಟರು ಆ ಪಟ್ಟಿಯನ್ನೇ ಬಹಳ ಹೊತ್ತು ನೋಡಿದರು. ಮುಗಿಯಿತು ಅಂದುಕೊಂಡೆ.

“ಇದರಾಗ ಏನೂ ತೊಂದ್ರಿ ಕಾಣವಲ್ದು. ರಕ್ತ ಎಷ್ಟೊತ್ತಿಗೆ ತಗೊಂಡಿದ್ರು?”

“ಮುಂಜಾನಿ ಎಂಟಕ್ಕರಿ.”

ಅವರು ಲ್ಯಾಬಿಗೆ ಫೋನು ಹಚ್ಚಿ ಕೇಳಿದರು. ಆ ಮನುಷ್ಯ ಬೈಕಿನಲ್ಲಿ ನಾಲ್ಕಾರು ಊರು ತಿರುಗಿ, ರಕ್ತ ಮುಟ್ಟಿಸಿದ್ದು ಎರಡು ಗಂಟೆಗೆ! ಡಾಕ್ಟರು ಮತ್ತೆ ರಕ್ತ ತೆಗೆಸಿ ತಕ್ಷಣ ಕಳಿಸಿದರು. ಅತ್ತೆಯನ್ನು ಮಂಚದ ಮೇಲೆ ಮಲಗಿಸಿ ಎದೆಗೆ ವೈರು ಹಚ್ಚಿಯೇ ಇಟ್ಟಿದ್ದರು. ಒಂದು ತಾಸು ನಾನು ಆ ಮಶಿನ್ನಿನ ಸದ್ದನ್ನೇ ಎಣಿಸುತ್ತ ನಿಂತೆ.

ರಿಪೋರ್ಟ್ ಬಂತು. ನಾಲ್ಕು ಪಾಯಿಂಟ್ ಮೂರು.

“ರಕ್ತದ ಕಣದೊಳಗ ಪೊಟ್ಯಾಸಿಯಂ ಭಾಳ ಇರತೈತ್ರಿ,” ಎಂದರು ಡಾಕ್ಟರು, ನನ್ನನ್ನು ಹೊರಗೆ ಕರೆದು. “ಬಿಸಿಲಾಗ ಕುಲುಕಾಡಿ ಕಣ ಒಡದ್ರ ಅದು ಹೊರಗ ಬರತೈತಿ. ಏರಿದ್ದು ಬಾಟಲಿಯೊಳಗ, ನಿಮ್ಮ ಅತ್ತಿ ಮೈಯಾಗ ಅಲ್ಲ. ಆದ್ರೂ ಓಡಿ ಬಂದದ್ದು ಚಲೋ ಆತು. ಇಂಥಾ ನಂಬರ್ ಬಂದಾಗ ಮನ್ಯಾಗ ಕುಂದರಬಾರದು.”

ಅಲ್ಲಿಯವರೆಗೆ ತಡೆದಿದ್ದ ಅಳು ಒಮ್ಮೆಲೇ ನುಗ್ಗಿತು. ಬಾಗಿಲಲ್ಲಿ ನಿಂತು ಬಿಕ್ಕಿದೆ. ಮಂಚದ ಮೇಲಿದ್ದ ಅತ್ತೆ ಅದನ್ನು ನೋಡಿಬಿಟ್ಟರು.

“ಖರೇ ಹೇಳವಾ. ನಾ ಉಳಿಯೂದಿಲ್ಲೇನು?”

“ಏನೂ ಆಗಿಲ್ರಿ, ಅತ್ತಿ!” ಎಂದರೂ ನಂಬಲಿಲ್ಲ. ಮುಂಜಾನೆಯಿಂದ ಕಲ್ಲಿನಂತಿದ್ದ ಆ ಜೀವ ಈಗ ನನ್ನ ಸೆರಗು ಹಿಡಿದು ನಡುಗುತ್ತಿತ್ತು. ಡಾಕ್ಟರೇ ಬಂದು ಎರಡು ಸಲ ಹೇಳಬೇಕಾಯಿತು.

ಈಗ ಯಾವ ರಿಪೋರ್ಟ್ ಬಂದರೂ ಮೊದಲು ಅತ್ತೆಯ ಮುಂದೆ ಕೂತು ಗಟ್ಟಿಯಾಗಿ ಓದುತ್ತೇನೆ. ಅವರ ಮೈಯ ಸುದ್ದಿಯನ್ನು ಅವರಿಂದಲೇ ಮುಚ್ಚಿಟ್ಟು, ಕೊನೆಗೆ ನನ್ನ ಕಣ್ಣೀರಿನಿಂದಲೇ ಅವರನ್ನು ಹೆದರಿಸಿದೆನಲ್ಲ ಎಂಬುದು ಇವತ್ತಿಗೂ ಚುಚ್ಚುತ್ತದೆ.